ಬಾಗಿಲ ಬಳಿ ನಿಂತು ಆಡುವ ಮಾತು



ಹೆಂಗಸರ ಆರೋಗ್ಯದ ಬಗ್ಗೆ ಭಾಷಣ ಎಂದು ಉದ್ಘೋಷಕರು ಹೇಳಿದ ಕೂಡಲೇ ಗಂಡಸರು ರೇಡಿಯೊ ಹತ್ತಿರದಿಂದ ಎದ್ದು ಹೋಗುವುದು ವಾಡಿಕೆ. ಇವತ್ತು ದಯವಿಟ್ಟು ಕೂತುಕೊಳ್ಳಿ. ನಾನು ಹೇಳಲಿರುವ ಕಾಯಿಲೆ ಹೆಂಗಸಿನದು ಹೌದು. ಆದರೆ ಅದಕ್ಕೆ ಮಾತ್ರೆ ನುಂಗಬೇಕಾದವರಲ್ಲಿ ಎಷ್ಟೋ ಸಲ ಗಂಡಸರೂ ಇರುತ್ತಾರೆ. ಮನೆಯಲ್ಲಿ ಮಕ್ಕಳಿದ್ದಾರೆಂದು ರೇಡಿಯೊ ಆರಿಸುವುದೂ ಬೇಡ. ಅವರು ಕೇಳಬಾರದ ಮಾತು ಇದರಲ್ಲಿ ಒಂದೂ ಇಲ್ಲ. ಮೈನೆರೆದ ಹುಡುಗಿ ಕೇಳಲೇಬೇಕಾದ ಮಾತು ಕೆಲವಿವೆ.

ನಾನು ಬಹಳ ವರ್ಷ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಂಗಸರ ಡಾಕ್ಟರಾಗಿ ಕೆಲಸ ಮಾಡಿದವಳು. ಹೊರರೋಗಿಗಳ ಕೋಣೆಯಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ನಡೆಯುತ್ತದೆ. ಮೂವತ್ತು ಮೂವತ್ತೈದರ ಹೆಣ್ಣುಮಗಳು ಬಂದು ಸ್ಟೂಲಿನ ಮೇಲೆ ಕೂರುತ್ತಾಳೆ. ಸೊಂಟ ನೋವು, ಸುಸ್ತು, ಕಾಲು ಸೆಳೆತ, ತಲೆ ತಿರುಗುವುದು, ಊಟ ಸೇರದೆ ಇರುವುದು, ಎಲ್ಲ ಹೇಳುತ್ತಾಳೆ. ಡಾಕ್ಟರು ಬಿ.ಪಿ. ನೋಡಿ ಚೀಟಿ ಬರೆದುಕೊಡುತ್ತಾರೆ. ಆಕೆ ಎದ್ದು ಬಾಗಿಲವರೆಗೆ ಹೋಗಿ, ಹೊರಗಿನ ಸಾಲಿನ ಕಡೆ ಒಮ್ಮೆ ನೋಡಿ ಹಿಂದಿರುಗುತ್ತಾಳೆ.

“ಇನ್ನೊಂದ್ ಮಾತಿತ್ತು ಡಾಕ್ಟ್ರಮ್ಮ.”

“ಏನವ್ವ, ಹೇಳು.”

“ಬಿಳಿ ಹೋಗ್ತದೆ.”

“ಎಷ್ಟ್ ದಿನದಿಂದ?”

“ಚಿಕ್ಕೋನು ಹುಟ್ದಾಗ್ಲಿಂದ.”

ಚಿಕ್ಕವನು ನಾಲ್ಕನೇ ಕ್ಲಾಸಿನಲ್ಲಿರುತ್ತಾನೆ.

ಸೊಂಟ ನೋವು ಸುಳ್ಳಲ್ಲ, ಸುಸ್ತೂ ಸುಳ್ಳಲ್ಲ. ಆದರೆ ಆಕೆ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದದ್ದು ಈ ಕೊನೆಯ ಮಾತಿಗಾಗಿ. ಈಗ ಶಕ್ತಿ ಯೋಜನೆ ಬಂದು ಬಸ್ಸಿನ ದುಡ್ಡು ಉಳಿದಿದೆ, ಕೂಲಿ ಮಾತ್ರ ಹೋಗುವುದು ಹೋಗಿಯೇ ಹೋಗುತ್ತದೆ. ನಮ್ಮ ವೈದ್ಯರು ಇಂಥವರ ಬಗ್ಗೆ, “ಇವರು ಎಲ್ಲ ಮುಚ್ಚಿಟ್ಟುಕೊಳ್ತಾರೆ, ಕೊನೆಗೆ ಬರ್ತಾರೆ” ಎಂದು ಗೊಣಗುವುದುಂಟು. ಆ ಗೊಣಗಾಟವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬಾಗಿಲು ತೆರೆದಿಟ್ಟು, ಪಕ್ಕದಲ್ಲಿ ಇನ್ನಿಬ್ಬರು ರೋಗಿಗಳನ್ನು ನಿಲ್ಲಿಸಿಕೊಂಡು, “ಏನಮ್ಮ ಬೇಗ ಹೇಳು” ಅಂದರೆ ಯಾರು ತಾನೆ ಹೇಳಿಯಾರು? ಕೇಳುವ ಹಾಗೆ ಕೇಳಿದರೆ ನಮ್ಮ ಹೆಂಗಸರು ಹೇಳುತ್ತಾರೆ. ಇದಕ್ಕೆ ನನ್ನ ಅನುಭವವೊಂದೇ ಸಾಕ್ಷಿಯಲ್ಲ.

ಮಹಾರಾಷ್ಟ್ರದ ಗಡ್‌ಚಿರೋಲಿ ಕಾಡಿನ ಜಿಲ್ಲೆ. ಅಲ್ಲಿ ಡಾ. ರಾಣಿ ಬಂಗ್, ಅವರ ಪತಿ ಡಾ. ಅಭಯ್ ಬಂಗ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಎರಡು ಹಳ್ಳಿಗಳ ಹೆಂಗಸರನ್ನು ಪರೀಕ್ಷೆ ಮಾಡಿದರು. ಅವರು ನೋಡಿದ್ದು ಆಸ್ಪತ್ರೆಗೆ ಬಂದ ರೋಗಿಗಳನ್ನಲ್ಲ, ಊರಿನಲ್ಲಿ ತಮ್ಮ ಪಾಡಿಗೆ ಇದ್ದವರನ್ನು. ತೊಂದರೆ ಇದೆ ಎಂದವರನ್ನೂ ನೋಡಿದರು, ಏನೂ ಇಲ್ಲ ಎಂದವರನ್ನೂ ನೋಡಿದರು. ಒಟ್ಟು 650 ಮಂದಿ. ಅವರಲ್ಲಿ ಶೇಕಡ 92 ಮಂದಿಗೆ ಗರ್ಭಕೋಶ, ಯೋನಿ, ಮುಟ್ಟಿಗೆ ಸಂಬಂಧಿಸಿದ ಒಂದಲ್ಲ ಒಂದು ಕಾಯಿಲೆ ಇತ್ತು. ಒಟ್ಟು ಕಾಯಿಲೆಗಳಲ್ಲಿ ಅರ್ಧದಷ್ಟು ಬರೀ ಸೋಂಕುಗಳು. ಹಿಂದೆ ಎಂದಾದರೂ ಇದಕ್ಕಾಗಿ ಪರೀಕ್ಷೆ ಮಾಡಿಸಿಕೊಂಡು ಔಷಧಿ ಪಡೆದವರು ಶೇಕಡ 8 ಮಾತ್ರ. 1989ರ ಜನವರಿಯಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆ ಇದನ್ನು ಅಚ್ಚು ಮಾಡಿದಾಗ ಓದಿದವರು ದಂಗಾದರು. ಅಲ್ಲಿಯವರೆಗೆ ಹಳ್ಳಿಯ ಹೆಂಗಸಿನ ಗರ್ಭಕೋಶ ಸರ್ಕಾರಕ್ಕೆ ನೆನಪಾಗುತ್ತಿದ್ದುದು ಎರಡೇ ಹೊತ್ತಿನಲ್ಲಿ: ಹೆರಿಗೆ ಮಾಡಿಸುವಾಗ, ಆಪರೇಷನ್ ಮಾಡಿಸುವಾಗ. ನಡುವಿನ ವರ್ಷಗಳಲ್ಲಿ ಅದಕ್ಕೂ ಕಾಯಿಲೆ ಬರುತ್ತದೆಂಬುದನ್ನು ದೊಡ್ಡವರು ಲೆಕ್ಕಕ್ಕೇ ಇಟ್ಟಿರಲಿಲ್ಲ. 1994ರಲ್ಲಿ ಕೈರೋದಲ್ಲಿ ಜನಸಂಖ್ಯೆಯ ಬಗ್ಗೆ ವಿಶ್ವಸಮ್ಮೇಳನ ನಡೆದು, 1997ರಲ್ಲಿ ನಮ್ಮ ದೇಶದ ಕುಟುಂಬ ಕಲ್ಯಾಣ ಕಾರ್ಯಕ್ರಮ ಹೊಸ ರೂಪ ಪಡೆದಾಗ ಈ ಸೋಂಕುಗಳ ಚಿಕಿತ್ಸೆಗೂ ಅದರಲ್ಲಿ ಜಾಗ ಸಿಕ್ಕಿತು.

ಕರ್ನಾಟಕದಲ್ಲೂ ಅದೇ ಕಾಲಕ್ಕೆ ಜೆ.ಸಿ. ಭಾಟಿಯಾ ಮತ್ತು ಜಾನ್ ಕ್ಲೆಲ್ಯಾಂಡ್ ಎಂಬ ಸಂಶೋಧಕರು ಸಣ್ಣ ಮಕ್ಕಳಿರುವ 3,600 ತಾಯಂದಿರನ್ನು ಮಾತಾಡಿಸಿದ್ದರು. 1995ರಲ್ಲಿ ಅವರ ಬರಹ ಪ್ರಕಟವಾಯಿತು. ಮೂವರಲ್ಲಿ ಒಬ್ಬರು ತಮಗೆ ಆಗ ಇರುವ ತೊಂದರೆಯನ್ನು ಬಾಯಿ ಬಿಟ್ಟು ಹೇಳಿದ್ದರು: ಸುಸ್ತು, ವಾಸನೆ ಅಥವಾ ತುರಿಕೆಯ ಜೊತೆಗೆ ಬಿಳಿ ಹೋಗುವುದು, ಕಿಬ್ಬೊಟ್ಟೆ ನೋವು. ಯಾರೋ ಬಂದು ಕೂತು ಕೇಳಿದರು, ಇವರು ಹೇಳಿದರು. ಅಷ್ಟೆ.

ಇನ್ನು ಕಾಯಿಲೆಯ ವಿಚಾರ. ಬಿಳಿ ಹೋಗುವುದೆಲ್ಲ ಕಾಯಿಲೆಯಲ್ಲ, ಮೊದಲು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮೈನೆರೆದಾಗಿನಿಂದ ಹಿಡಿದು ಮುಟ್ಟು ನಿಲ್ಲುವವರೆಗೆ ಪ್ರತಿ ಹೆಂಗಸಿಗೂ ಸ್ವಲ್ಪ ದ್ರವ ಹೋಗುತ್ತದೆ. ತಿಂಗಳ ನಡುವೆ ಅದು ತಿಳಿಯಾಗಿ, ಎಳೆದರೆ ನೂಲಿನಂತೆ ಬರುತ್ತದೆ, ಬಸುರಿಯಲ್ಲಿ ಜಾಸ್ತಿಯಾಗುತ್ತದೆ. ವಾಸನೆ ಇಲ್ಲ, ತುರಿಕೆ ಇಲ್ಲ, ಉರಿ ಇಲ್ಲ ಎಂದರೆ ಅದು ಮೈಯ ಸಹಜ ಕೆಲಸ. ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಸೂಕ್ಷ್ಮಜೀವಿಗಳ ವಾಸ. ಹಾಲಿಗೆ ಹಾಕುವ ಹೆಪ್ಪಿನಲ್ಲಿ ಇರುತ್ತವಲ್ಲ, ಅವುಗಳ ದಾಯಾದಿಗಳೇ ಇವು. ಹೆಪ್ಪು ಹಾಲನ್ನು ಹುಳಿ ಮಾಡಿ ಬೇರೆ ಕ್ರಿಮಿ ಬೆಳೆಯದಂತೆ ನೋಡಿಕೊಂಡ ಹಾಗೆ, ಇವು ಯೋನಿಯ ಒಳಭಾಗವನ್ನು ಹುಳಿಯಾಗಿಟ್ಟು ಕಾಯುತ್ತವೆ. ಆ ಕಾವಲು ಸಡಿಲಾದಾಗ ಸದಾ ಅಲ್ಲೇ ಸಣ್ಣಗೆ ಇದ್ದ ಬೇರೆ ಜೀವಿಗಳು ಹೆಚ್ಚಿಕೊಳ್ಳುತ್ತವೆ. ಬೂದು ಬಣ್ಣದ ತೆಳು ದ್ರವ, ಮೀನಿನಂಥ ವಾಸನೆ ಬಂದರೆ ಅದಕ್ಕೆ ನಾವು ಬ್ಯಾಕ್ಟೀರಿಯಲ್ ವಜಿನೋಸಿಸ್ ಎನ್ನುತ್ತೇವೆ. ಮೊಸರು ಒಡೆದಂತೆ ಗಟ್ಟಿ ಬಿಳಿ, ತಡೆಯಲಾರದ ತುರಿಕೆ ಇದ್ದರೆ ಕ್ಯಾಂಡಿಡಾ ಎಂಬ ಶಿಲೀಂಧ್ರ. ಈ ಎರಡೂ ಲೈಂಗಿಕ ರೋಗಗಳ ಪಟ್ಟಿಗೆ ಸೇರಿದವಲ್ಲ. ಹೆಂಡತಿಗೆ ಹೀಗಾಯಿತೆಂದು ಗಂಡ ಸಂಶಯಪಡುವುದಕ್ಕಾಗಲಿ, ಅತ್ತೆ ಮಾತಾಡುವುದಕ್ಕಾಗಲಿ ಇಲ್ಲಿ ಏನೂ ಇಲ್ಲ. ಕ್ಯಾಂಡಿಡಾ ಮೇಲಿಂದ ಮೇಲೆ ಮರುಕಳಿಸುತ್ತಿದ್ದರೆ ಶುಗರ್ ಪರೀಕ್ಷೆ ಮಾಡಿಸಿ. ತುರಿಕೆ ತೋರಿಸಲು ಬಂದು ಸಕ್ಕರೆ ಕಾಯಿಲೆ ಗೊತ್ತಾದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ದೇಹಸಂಪರ್ಕದಿಂದ ಬರುವ ಸೋಂಕುಗಳ ಗುಂಪು ಬೇರೆ: ಟ್ರೈಕೊಮೊನಾಸ್, ಗೊನೊರಿಯಾ, ಕ್ಲಮಿಡಿಯಾ, ಸಿಫಿಲಿಸ್. ಇವುಗಳಲ್ಲಿ ಕ್ಲಮಿಡಿಯಾ ಮಹಾ ಮೌನಿ, ಬಹಳಷ್ಟು ಹೆಂಗಸರಲ್ಲಿ ಏನೂ ತೋರಿಸಿಕೊಳ್ಳದೆ ಒಳಗೇ ಇರುತ್ತದೆ. ಈ ಎರಡು ಗುಂಪಿಗೂ ಸೇರದ ಮೂರನೆಯ ಗುಂಪೊಂದಿದೆ, ಅದನ್ನು ಹೇಳಲು ನಮ್ಮ ವೃತ್ತಿಯವರಿಗೆ ಸಂಕೋಚ. ಸರಿಯಾಗಿ ಕುದಿಸದ ಉಪಕರಣದಿಂದ ಹೆರಿಗೆ ಮಾಡಿಸಿದಾಗ, ಮೊದಲೇ ಸೋಂಕಿದೆಯೇ ಎಂದು ನೋಡದೆ ಕಾಪರ್-ಟಿ ಹಾಕಿದಾಗ, ಗೊತ್ತಿಲ್ಲದವರ ಕೈಯಲ್ಲಿ ಗರ್ಭ ತೆಗೆಸಿದಾಗ ಹತ್ತುವ ಸೋಂಕು ಅದು. ಔಷಧಿ ಅಂಗಡಿಯಲ್ಲಿ ಮಾತ್ರೆ ತಂದು ಗುಟ್ಟಾಗಿ ಗರ್ಭ ಇಳಿಸಿಕೊಂಡು, ಅರ್ಧ ಒಳಗೇ ಉಳಿದು, ಜ್ವರ ಬಂದು ಬರುವವರೂ ಈ ಗುಂಪಿನವರೇ. ಗರ್ಭಪಾತ ನಮ್ಮ ದೇಶದಲ್ಲಿ 1971ರ ಕಾಯಿದೆಯಿಂದಲೇ ವೈದ್ಯರ ಮೂಲಕ ಮಾಡಿಸಿಕೊಳ್ಳಬಹುದಾದದ್ದು. ಕದ್ದುಮುಚ್ಚಿ ಮಾಡಿಕೊಂಡು ಪ್ರಾಣಕ್ಕೆ ಕುತ್ತು ತಂದುಕೊಳ್ಳಬೇಕಾಗಿಲ್ಲ.

ಕೆಳಗಿನ ಸೋಂಕು ಗರ್ಭಕೋಶದ ಬಾಯಿ ದಾಟಿ ಮೇಲೆ ಹತ್ತಿದರೆ ಗರ್ಭನಾಳಗಳು ಊದಿಕೊಳ್ಳುತ್ತವೆ. ವಾಸಿಯಾದ ಮೇಲೂ ಒಳಗೆ ಅಂಟಿಕೊಂಡು ದಾರಿ ಮುಚ್ಚಬಹುದು. ಮುಂದೆ ಮಗು ನಿಲ್ಲುವುದಿಲ್ಲ, ಅಥವಾ ಬಸಿರು ನಾಳದಲ್ಲೇ ಕಟ್ಟಿ ಒಡೆದು ಜೀವಕ್ಕೆ ಬರುತ್ತದೆ. ಮದುವೆಯಾದ ಹೊಸದರಲ್ಲಿ ಗಂಡನಿಂದಲೇ ಬಂದ ಸೋಂಕಿಗೆ ನಾಳ ಮುಚ್ಚಿ, ಆಮೇಲೆ “ಬಂಜೆ” ಎನಿಸಿಕೊಂಡು, ಗಂಡನ ಇನ್ನೊಂದು ಮದುವೆಗೆ ಒಪ್ಪಿಗೆ ಕೊಡಬೇಕಾಗಿ ಬಂದ ಹೆಣ್ಣುಮಕ್ಕಳಿದ್ದಾರೆ. ಬಸುರಿಯಲ್ಲಿ ಸೋಂಕಿದ್ದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ. ಸಿಫಿಲಿಸ್ ಆದರೆ ಹೊಟ್ಟೆಯಲ್ಲಿರುವ ಕೂಸಿಗೇ ತಗಲುತ್ತದೆ. ತಾಯಿ ಕಾರ್ಡು ಮಾಡಿಸಿದಾಗ ರಕ್ತ ತೆಗೆದು ಮಾಡುವ ಪರೀಕ್ಷೆಗಳಲ್ಲಿ ಇದೂ ಒಂದು, ಅದನ್ನು ತಪ್ಪಿಸಬೇಡಿ.

ಮುಟ್ಟಿನ ಬಟ್ಟೆಯ ವಿಷಯಕ್ಕೆ ಬರೋಣ. ಸೋಂಕಿಗೆ ಬಟ್ಟೆಯೇ ಕಾರಣ, ಪ್ಯಾಡ್ ಕೊಟ್ಟರೆ ಎಲ್ಲ ಸರಿಹೋಯಿತು ಎನ್ನುವ ಮಾತು ಇತ್ತೀಚೆಗೆ ಬಹಳ ಕೇಳಿಬರುತ್ತದೆ. ಇದು ಅರ್ಧ ನಿಜ. ಒಡಿಶಾದಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಟ್ಟೆ ಬಳಸುವವರ ಪೈಕಿ ಅದನ್ನು ಮನೆಯೊಳಗೆ ಒಣಗಿಸಿದವರಲ್ಲಿ ಮತ್ತು ಶೌಚಾಲಯದಲ್ಲಿ ಇಟ್ಟುಕೊಂಡವರಲ್ಲಿ ಶಿಲೀಂಧ್ರದ ಸೋಂಕು ಹೆಚ್ಚಿತ್ತು. ಏಕೆ ಮನೆಯೊಳಗೆ ಒಣಗಿಸುತ್ತಾರೆ? ಅಂಗಳದಲ್ಲಿ ಹಗ್ಗಕ್ಕೆ ಹಾಕಿದರೆ ಮಾವ ನೋಡುತ್ತಾರೆ, ಮೈದುನ ನೋಡುತ್ತಾನೆ. ಹಾಗಾಗಿ ಹಾಸಿಗೆಯ ಕೆಳಗೆ, ಬಚ್ಚಲಿನ ಮೂಲೆಯಲ್ಲಿ, ಇನ್ನೊಂದು ಸೀರೆಯ ಒಳಗಡೆ ಹಸಿ ಹಸಿಯಾಗಿ ಇಡುತ್ತಾರೆ. ಇಲ್ಲಿ ಕಾಯಿಲೆ ತರುವುದು ನಾಚಿಕೆ. ಹಳೆಯ ಹತ್ತಿ ಬಟ್ಟೆ ಸೋಪು ಹಾಕಿ ಒಗೆದು ಬಿಸಿಲಲ್ಲಿ ಒಣಗಿಸಿದರೆ ಯಾವ ದೋಷವೂ ಇಲ್ಲ. ಅದೇ ಪ್ಯಾಡನ್ನು ಬೆಳಿಗ್ಗೆ ಹಾಕಿಕೊಂಡು, ಬದಲಿಸಲು ಜಾಗವಿಲ್ಲವೆಂದು ಗಾರ್ಮೆಂಟ್ಸ್ ಕೆಲಸದಿಂದ ಸಂಜೆ ಬರುವವರೆಗೆ ಇಟ್ಟುಕೊಂಡರೆ ಅದೂ ತೊಂದರೆಯೇ. ನಮ್ಮ ಸರ್ಕಾರದ ‘ಶುಚಿ’ ಯೋಜನೆಯಲ್ಲಿ ಶಾಲೆಯ ಹುಡುಗಿಯರಿಗೆ ಪ್ಯಾಡ್ ಕೊಡುತ್ತಾರೆ, ಕೆಲವೆಡೆ ಮುಟ್ಟಿನ ಕಪ್ ಕೂಡ ಕೊಟ್ಟಿದ್ದಾರೆ. ಒಳ್ಳೆಯದೇ. ಅದರ ಜೊತೆಗೆ ಶಾಲೆಯ ಶೌಚಾಲಯಕ್ಕೊಂದು ಚಿಲಕ, ಒಂದು ಬಕೆಟ್ ನೀರು ಇಲ್ಲದಿದ್ದರೆ ಆ ಪ್ಯಾಡನ್ನು ಹುಡುಗಿ ಬದಲಿಸುವುದೆಲ್ಲಿ?

ಇದರ ಎದುರು ಬದಿಯ ತಪ್ಪು ಪಟ್ಟಣದಲ್ಲಿ ಕಾಣುತ್ತದೆ. ಟಿ.ವಿ.ಯಲ್ಲಿ ಬರುವ ಜಾಹೀರಾತು ನೋಡಿ ಯೋನಿಯ ಒಳಗೆಲ್ಲ ಸುವಾಸನೆಯ ದ್ರಾವಣದಿಂದ ತೊಳೆಯುವುದು, ಇನ್ನು ಕೆಲವರು ಡೆಟಾಲ್ ಹಾಕುವುದು. ಆಗಲೇ ಹೇಳಿದೆನಲ್ಲ, ಕಾವಲಿಗಿರುವ ಒಳ್ಳೆಯ ಜೀವಿಗಳು, ಅವನ್ನೇ ಹೀಗೆ ತೊಳೆದು ಹಾಕುತ್ತೀರಿ. ಹೊರಭಾಗವನ್ನು ನೀರಿನಿಂದ ತೊಳೆದರೆ ಸಾಕು. ಒಳಗಿನದನ್ನು ಮೈ ತಾನೇ ನೋಡಿಕೊಳ್ಳುತ್ತದೆ.

ಗೋವಾದಲ್ಲಿ ನಡೆದ ಒಂದು ಅಧ್ಯಯನ ನನ್ನ ಕಣ್ಣನ್ನು ಬೇರೊಂದು ಕಡೆಗೆ ತಿರುಗಿಸಿತು. ವಿಕ್ರಮ್ ಪಟೇಲ್ ಎಂಬ ಮನೋವೈದ್ಯರು ಮತ್ತು ಅವರ ಜೊತೆಗಾರರು ಸುಮಾರು ಎರಡೂವರೆ ಸಾವಿರ ಹೆಂಗಸರನ್ನು ಪರೀಕ್ಷೆಗೆ ಒಳಪಡಿಸಿದರು. ಪ್ರಯೋಗಾಲಯದ ಪರೀಕ್ಷೆಯೂ ಆಯಿತು. 2006ರಲ್ಲಿ ಪ್ರಕಟವಾದ ವರದಿಯಂತೆ ಶೇಕಡ 28 ಮಂದಿಗೆ ಏನಾದರೊಂದು ಸೋಂಕಿತ್ತು. ಅದರಲ್ಲಿ ಬಹುಪಾಲು ನಾನು ಮೊದಲು ಹೇಳಿದ ಆ ಎರಡು, ಲೈಂಗಿಕವಲ್ಲದವು. ದೇಹಸಂಪರ್ಕದಿಂದ ಬಂದ ಸೋಂಕಿದ್ದವರು ನೂರಕ್ಕೆ ನಾಲ್ಕು ಮಂದಿ. ಆದರೆ ಅದೇ ಸಂಶೋಧಕರ ಗುಂಪು, ಬಿಳಿ ಹೋಗುತ್ತದೆ ಎಂದು ದೂರುವವರು ಯಾರು ಎಂದು ಹುಡುಕಿದಾಗ ಬೇರೆಯದೇ ಕಂಡಿತು. ಆ ದೂರಿಗೂ ಸೋಂಕಿಗೂ ಇದ್ದ ನಂಟಿಗಿಂತ, ಆ ದೂರಿಗೂ ಮನಸ್ಸಿನ ಬೇಗುದಿ, ಆತಂಕ, ಮೈಕೈ ಸುಸ್ತಿಗೂ ಇದ್ದ ನಂಟು ಗಟ್ಟಿಯಾಗಿತ್ತು.

ಇದನ್ನು ಕೇಳಿ ಕೆಲವು ಡಾಕ್ಟರುಗಳು, “ನೋಡಿ, ಎಲ್ಲ ಮನಸ್ಸಿನ ಭ್ರಮೆ” ಎಂದು ಕೈತೊಳೆದುಕೊಳ್ಳಬಹುದು. ನನಗೆ ಹಾಗನ್ನಿಸಲಿಲ್ಲ. ನಮ್ಮ ಹೆಂಗಸರ ನಂಬಿಕೆಯಲ್ಲಿ ಬಿಳಿ ಹೋಗುವುದೆಂದರೆ ಮೈಯ ಸತ್ವವೇ ಕರಗಿ ಹೋಗುವುದು. “ಉಷ್ಣ ಆಗೈತೆ, ಮೂಳೆ ಕರಗಿ ಹೋಗ್ತಾ ಐತೆ” ಅನ್ನುವವರಿದ್ದಾರೆ. ಮೂಳೆ ಕರಗುವುದಿಲ್ಲ. ಆದರೆ ಕುಡಿದು ಬಂದು ಹೊಡೆಯುವ ಗಂಡ, ಸಂಘದ ಸಾಲದ ಕಂತು, ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತರವರೆಗೆ ಮುಗಿಯದ ಕೆಲಸ, ರಕ್ತವಿಲ್ಲದ ಮೈ, ಇಷ್ಟನ್ನೂ ಹೊತ್ತವಳು “ನನಗೆ ಬದುಕು ಭಾರವಾಗಿದೆ” ಎಂದು ಆಸ್ಪತ್ರೆಯಲ್ಲಿ ಹೇಳಿದರೆ ಅದಕ್ಕೆ ಚೀಟಿ ಬರೆಯುವವರು ಯಾರು? ಬಿಳಿ ಹೋಗುತ್ತದೆ ಎಂದರೆ ಬರೆಯುತ್ತಾರೆ. ಆದ್ದರಿಂದ ಪರೀಕ್ಷೆಯಲ್ಲಿ ಸೋಂಕು ಕಾಣದಿದ್ದರೂ ಆಕೆಯನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಹಿಮೋಗ್ಲೋಬಿನ್ ನೋಡಬೇಕು, ನಿದ್ದೆ ಬರುತ್ತದೆಯೇ ಎಂದು ಕೇಳಬೇಕು, ಮನೆಯಲ್ಲಿ ಹೇಗಿದೆ ಎಂದು ಕೇಳಬೇಕು.

ಮನೆಮದ್ದಿನ ವಿಷಯದಲ್ಲಿ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಮೆಂತ್ಯದ ನೀರು, ಮಜ್ಜಿಗೆ, ದಾಸವಾಳ ಬೇಕಾದರೆ ಕುಡಿಯಿರಿ, ತಂಪು. ಸೋಂಕು ಅದರಿಂದ ಹೋಗುತ್ತದೆಂದು ತಿಂಗಳುಗಟ್ಟಲೆ ಕಾಯಬೇಡಿ. ಮೆಡಿಕಲ್ ಶಾಪಿನವನ ಹತ್ತಿರ ಮಗನ ಕೈಯಲ್ಲಿ ಚೀಟಿ ಕಳಿಸಿ ಮಾತ್ರೆ ತರಿಸಿಕೊಳ್ಳುವುದು ಮಾತ್ರ ಬೇಡವೇ ಬೇಡ. ಎರಡು ದಿನ ನುಂಗಿ ಬಿಟ್ಟ ಆಂಟಿಬಯೋಟಿಕ್‌ಗೆ ರೋಗಾಣುಗಳು ಪಳಗುತ್ತವೆ. ಗೊನೊರಿಯಾಕ್ಕೆ ಹಿಂದೆ ಚೆನ್ನಾಗಿ ಹಿಡಿಯುತ್ತಿದ್ದ ಔಷಧಿಗಳು ಒಂದೊಂದಾಗಿ ಕೆಲಸ ಮಾಡದೆ ಹೋಗಿವೆ.

ಹಾಗಾದರೆ ಎಲ್ಲಿಗೆ ಹೋಗಬೇಕು? ಜಿಲ್ಲಾ ಆಸ್ಪತ್ರೆಯಲ್ಲಿ, ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ಬೋರ್ಡು ನೋಡಿರುತ್ತೀರಿ. ಏಡ್ಸ್ ನಿಯಂತ್ರಣ ಸಂಸ್ಥೆಯ ನೆರವಿನಿಂದ ನಡೆಯುವುದರಿಂದ ಜನ ಅದರತ್ತ ತಿರುಗಿಯೂ ನೋಡದೆ ಹೋಗುತ್ತಾರೆ. ಅದು ಎಲ್ಲ ಬಗೆಯ ಜನನಾಂಗ ಸೋಂಕಿಗೂ ಇರುವ ಕೋಣೆ. ಅಲ್ಲಿ ಔಷಧಿ ಪುಕ್ಕಟೆ. ಬಣ್ಣದ ಪೊಟ್ಟಣಗಳಲ್ಲಿ ಇರುತ್ತದೆ. ಬಿಳಿ ಹೋಗುವುದಕ್ಕೆ ಹಸಿರು, ಸೋಂಕಿನಿಂದಾದ ಕಿಬ್ಬೊಟ್ಟೆ ನೋವಿಗೆ ಹಳದಿ, ಹೀಗೆ. ಹಸಿರು ಪೊಟ್ಟಣದ್ದು ಒಂದೇ ಸಲಕ್ಕೆ ಮುಗಿಯುವ ಔಷಧಿ. ಬಸುರಿಯಾಗಿದ್ದರೆ ಅಥವಾ ಮುಟ್ಟು ತಪ್ಪಿದ್ದರೆ ಮೊದಲೇ ಹೇಳಬೇಕು, ಆಗ ಬೇರೆ ಔಷಧಿ. ಲ್ಯಾಬು ಇಲ್ಲದ ಕಡೆಗೂ ಚಿಕಿತ್ಸೆ ಮುಟ್ಟಲಿ ಎಂದು, ಲಕ್ಷಣ ನೋಡಿ ಔಷಧಿ ಕೊಡುವ ಈ ಕ್ರಮ ಬಂತು. ಒಳ್ಳೆಯ ಉದ್ದೇಶ. ಆದರೆ ಗೋವಾದ ಲೆಕ್ಕ ಈಗ ತಾನೆ ಕೇಳಿದಿರಿ. ಲಕ್ಷಣವನ್ನೊಂದೇ ನಂಬಿದರೆ ಸೋಂಕಿಲ್ಲದವಳಿಗೆ ಮಾತ್ರೆ ಹೋಗುತ್ತದೆ, ಲಕ್ಷಣವಿಲ್ಲದ ಕ್ಲಮಿಡಿಯಾ ಉಳಿದುಬಿಡುತ್ತದೆ. ಆದ್ದರಿಂದ ಸಾಧ್ಯವಿರುವ ಕಡೆಯೆಲ್ಲ ಒಳಪರೀಕ್ಷೆ ಆಗಬೇಕು. ಸ್ಪೆಕ್ಯುಲಮ್ ಹಾಕಿ ಗರ್ಭಕೋಶದ ಬಾಯಿ ನೋಡುವುದಕ್ಕೆ, ಒಂದು ಹನಿ ದ್ರವವನ್ನು ಮೈಕ್ರೊಸ್ಕೋಪಿನ ಕೆಳಗೆ ಇಡುವುದಕ್ಕೆ ದೊಡ್ಡ ಆಸ್ಪತ್ರೆಯೇನೂ ಬೇಡ. ಒಂದು ಮೇಜು, ಒಂದು ಪರದೆ, ಒಳ್ಳೆಯ ಬೆಳಕು, ಪಕ್ಕದಲ್ಲಿ ನಿಲ್ಲಲು ಒಬ್ಬ ಸಿಸ್ಟರ್ ಇದ್ದರಾಯಿತು. ಪರದೆ ಇಲ್ಲದ ಆರೋಗ್ಯ ಕೇಂದ್ರಗಳನ್ನು ನಾನು ಕಂಡಿದ್ದೇನೆ. ಎಷ್ಟೋ ಯೋಜನೆಗಳಿಗೆ ಹಣ ಬರುತ್ತದೆ, ಎರಡು ಮೀಟರ್ ಬಟ್ಟೆಗೆ ಬರುವುದಿಲ್ಲ.

ಮದುವೆಯಾಗದ ಹುಡುಗಿಯರ ತಾಯಂದಿರಿಗೆ ಒಂದು ಮಾತು. ಮಗಳನ್ನು ಕರೆದುಕೊಂಡು ಹೋದರೆ “ಏನೇನೋ” ಪರೀಕ್ಷೆ ಮಾಡುತ್ತಾರೆಂದು ಹೆದರಬೇಡಿ. ಅವರಿಗೆ ಸಾಮಾನ್ಯವಾಗಿ ಒಳಪರೀಕ್ಷೆ ಮಾಡುವುದಿಲ್ಲ. ಕೇಳಿ, ಹೊರಗಿನಿಂದ ನೋಡಿ, ಬೇಕಾದರೆ ಮೂತ್ರ ಪರೀಕ್ಷೆ ಮಾಡಿ ಔಷಧಿ ಕೊಡುತ್ತಾರೆ. ಹದಿಹರೆಯದವರಿಗೆಂದೇ ‘ಸ್ನೇಹ ಕ್ಲಿನಿಕ್’ಗಳಿವೆ.

ಎದ್ದು ಹೋಗದೆ ಕೂತಿರುವ ಗಂಡಸರೇ, ಈಗ ನಿಮ್ಮ ಸರದಿ. ಟ್ರೈಕೊಮೊನಾಸ್‌ನಂಥ ಸೋಂಕು ಗಂಡಸಿನ ಮೈಯಲ್ಲಿ ಯಾವ ತೊಂದರೆಯನ್ನೂ ಕೊಡದೆ ಇರಬಲ್ಲದು. ಹೆಂಡತಿಗೆ ತುರಿಕೆ, ಉರಿ. ನಿಮಗೆ ಏನೂ ಇಲ್ಲ. ಆಕೆ ಮಾತ್ರೆ ನುಂಗಿ ವಾಸಿಯಾಗುತ್ತಾಳೆ, ನೀವು ನುಂಗುವುದಿಲ್ಲ, ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. “ಆ ಡಾಕ್ಟ್ರ ಔಷಧಿ ಹಿಡೀಲಿಲ್ಲ” ಎಂಬ ಕೆಟ್ಟ ಹೆಸರು ನಮಗೆ. ಗಂಡನನ್ನು ಕರೆದುಕೊಂಡು ಬಾ ಎಂದರೆ “ಅವ್ರು ಬರಾಕಿಲ್ಲ ಡಾಕ್ಟ್ರಮ್ಮ” ಅನ್ನುತ್ತಾರೆ. ಸರಿ, ಮಾತ್ರೆ ಕೊಟ್ಟು ಕಳಿಸಿದರೆ, ಮಾತ್ರೆ ನುಂಗಿದ ದಿನ ಕುಡಿಯಬಾರದು ಎಂದು ನಾವು ಹೇಳುವ ಒಂದೇ ಕಾರಣಕ್ಕೆ ಅದು ಗೂಡಿನಲ್ಲೇ ಉಳಿಯುತ್ತದೆ. ಒಂದೆರಡು ದಿನ ಕುಡಿತ ಬಿಟ್ಟಿದ್ದರೆ ಏನೂ ಆಗುವುದಿಲ್ಲ. ಇಬ್ಬರೂ ಔಷಧಿ ಮುಗಿಸುವವರೆಗೆ ಸೇರಬಾರದು, ಸೇರಿದರೆ ಕಾಂಡೋಮ್ ಬಳಸಬೇಕು.

ಈಗ ನನಗೆ ಬಹಳ ದಿನದಿಂದ ಒಳಗೇ ಕುದಿಯುತ್ತಿರುವ ವಿಷಯ. ಬಿಳಿ ಹೋಗುತ್ತದೆ, ಕಿಬ್ಬೊಟ್ಟೆ ನೋಯುತ್ತದೆ ಎಂದು ಹೋದ ಹೆಂಗಸಿಗೆ ಗರ್ಭಕೋಶವನ್ನೇ ತೆಗೆಸು ಎನ್ನುವುದು. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಸಂಗತಿ ಪತ್ರಿಕೆಗಳಲ್ಲಿ ಓದಿರುತ್ತೀರಿ. 2015ರ ಸುಮಾರಿಗೆ ಅದು ಬೆಳಕಿಗೆ ಬಂತು. ಹೊಟ್ಟೆನೋವು, ಬಿಳಿ ಹೋಗುವುದು ಇಂಥ ದೂರಿಗೆ ಹೋದವರಿಗೆ ಕ್ಯಾನ್ಸರ್ ಆಗುತ್ತದೆಂದು ಹೆದರಿಸಿ, ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆಯಲಾಗಿತ್ತು ಎಂಬ ದೂರು. ಅವರಲ್ಲಿ ಬಹಳಷ್ಟು ಮಂದಿ ಎಳೆ ವಯಸ್ಸಿನವರು. ತನಿಖೆಯಾಯಿತು, ಆ ಹೆಂಗಸರು ಬೀದಿಗಿಳಿದು ನ್ಯಾಯ ಕೇಳಿದರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರದ್ದು ಇನ್ನೊಂದು ಕಥೆ. ಮುಟ್ಟಿನ ದಿನ ಕೆಲಸ ತಪ್ಪಿದರೆ ಮುಕಾದಮ, ಅಂದರೆ ಕೂಲಿ ಗುತ್ತಿಗೆದಾರ, ದಂಡ ಹಾಕುತ್ತಾನೆ, ಗದ್ದೆಯಲ್ಲಿ ನೀರಿಲ್ಲ, ಶೌಚಕ್ಕೆ ಮರೆಯಿಲ್ಲ, ಸೋಂಕು ತಪ್ಪಿದ್ದಲ್ಲ. ಕೊನೆಗೆ ಗರ್ಭಕೋಶವೇ ಬೇಡವೆನ್ನುವ ಸ್ಥಿತಿ. 2019ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ ಸಮಿತಿಯ ಲೆಕ್ಕದಲ್ಲಿ ಹಾಗೆ ತೆಗೆಸಿಕೊಂಡವರು 13,000ಕ್ಕೂ ಹೆಚ್ಚು. ಬಿಹಾರ, ಛತ್ತೀಸಗಡ, ರಾಜಸ್ಥಾನಗಳಲ್ಲಿ ನಡೆದ ಇಂಥ ಶಸ್ತ್ರಚಿಕಿತ್ಸೆಗಳ ಬಗ್ಗೆ ಡಾ. ನರೇಂದ್ರ ಗುಪ್ತಾ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2023ರ ಏಪ್ರಿಲ್‌ನಲ್ಲಿ ತೀರ್ಪು ಬಂತು: ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಎಂದು.

ಗರ್ಭಕೋಶ ತೆಗೆಯಲೇಬೇಕಾದ ಕಾಯಿಲೆಗಳಿವೆ. ನಾನೇ ತೆಗೆದಿದ್ದೇನೆ. ಆದರೆ ಹಸಿರು ಪೊಟ್ಟಣದಲ್ಲಿ ಹೋಗುವ ಸೋಂಕಿಗೆ ಅಲ್ಲ. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಅಂಡಾಶಯವನ್ನೂ ಸೇರಿಸಿ ತೆಗೆದರೆ ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಹೆಚ್ಚುತ್ತದೆ, ಮೂವತ್ತೈದಕ್ಕೇ ಮುಪ್ಪು. “ಮಕ್ಕಳಾದ ಮೇಲೆ ಆ ಚೀಲ ಇದ್ದೇನು ಪ್ರಯೋಜನ” ಎಂದು ಯಾರಾದರೂ ಅಂದರೆ ಎದ್ದು ಬನ್ನಿ. ಇನ್ನೊಬ್ಬ ಡಾಕ್ಟರಿಗೆ ತೋರಿಸಿ, ಸ್ಕ್ಯಾನ್ ಕಾಗದ ಕೇಳಿ ಪಡೆಯಿರಿ, ಯಾವ ಕಾಯಿಲೆಗೆ ತೆಗೆಯುತ್ತೀರಿ ಎಂದು ಬರೆದುಕೊಡಿ ಎನ್ನಿ. ಬರೆದುಕೊಡಲು ಹಿಂಜರಿಯುವ ಕಡೆ ಟೇಬಲ್ ಹತ್ತಬೇಡಿ.

ಕ್ಯಾನ್ಸರ್ ಹೆದರಿಕೆ ನಿಜವಾಗಿ ಎಲ್ಲಿರಬೇಕೋ ಅಲ್ಲಿ ಇರಲಿ. ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ, ನಾರುವ ದ್ರವದಲ್ಲಿ ರಕ್ತ ಬೆರೆತಿದ್ದರೆ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಬಂದರೆ ಒಂದು ವಾರವೂ ತಡ ಮಾಡಬಾರದು. ಗರ್ಭಕೋಶದ ಬಾಯಿಯ ಕ್ಯಾನ್ಸರನ್ನು ಮೊದಲೇ ಹಿಡಿಯಲು ವಿನೆಗರ್‌ನಂಥ ಹುಳಿ ದ್ರಾವಣ ಸವರಿ ಬರಿಗಣ್ಣಿನಿಂದ ನೋಡುವ ಸರಳ ಪರೀಕ್ಷೆ ಇದೆ, ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ಮುಂಬೈನ ಟಾಟಾ ಆಸ್ಪತ್ರೆಯವರು ಕೊಳೆಗೇರಿಗಳ ಹೆಂಗಸರಿಗೆ ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿ, ಈ ಕ್ಯಾನ್ಸರಿನ ಸಾವು ಶೇಕಡ 31ರಷ್ಟು ಕಡಿಮೆಯಾದದ್ದನ್ನು 2013ರಲ್ಲಿ ತೋರಿಸಿಕೊಟ್ಟರು. ಪರೀಕ್ಷೆ ಮಾಡಿದವರು ಡಾಕ್ಟರುಗಳೂ ಅಲ್ಲ, ಅದಕ್ಕೆಂದೇ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಮೂವತ್ತು ದಾಟಿದವರು ನಿಮ್ಮ ಆಶಾ ಕಾರ್ಯಕರ್ತೆಯನ್ನು, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಯಾವ ದಿನ ಎಂದು ಕೇಳಿ. ಸೋಂಕಿಗೆ ತೋರಿಸಲು ಹೋದ ದಿನವೇ ಇದೂ ಆಗಿಬಿಟ್ಟರೆ ಒಂದು ಕೂಲಿ ಉಳಿಯಿತು.

ಸಮಯ ಆಗುತ್ತಾ ಬಂತು. ಆಸ್ಪತ್ರೆಗೆ ಹೊರಡುವ ಮೊದಲು ಇಷ್ಟು ನೋಡಿಕೊಳ್ಳಿ. ಮುಟ್ಟು ಮುಗಿದ ಮೇಲೆ ಹೋಗಿ. ಹಿಂದಿನ ಎರಡು ದಿನ ಒಳಗೆ ಇಡುವ 
ಮಾತ್ರೆ, ಮುಲಾಮು ಬೇಡ. ಒಳಗೆ ತೊಳೆಯುವುದೂ ಬೇಡ, ತೊಳೆದು ಬಂದರೆ ನಮಗೆ ನೋಡಲು ಏನೂ ಉಳಿದಿರುವುದಿಲ್ಲ. ಹಿಂದೆ ನುಂಗಿದ ಮಾತ್ರೆಯ ಖಾಲಿ ಪಟ್ಟಿ ಇದ್ದರೆ ತನ್ನಿ, ಹೆಸರು ಗೊತ್ತಿಲ್ಲದಿದ್ದರೂ ಅದನ್ನು ನೋಡಿದರೆ ನಮಗೆ ತಿಳಿಯುತ್ತದೆ. ಜ್ವರ, ಕಿಬ್ಬೊಟ್ಟೆಯಲ್ಲಿ ಜೋರು ನೋವು ಇದ್ದರೆ ಮುಟ್ಟು ಮುಗಿಯಲಿ ಎಂದೂ ಕಾಯಬೇಡಿ, ಅವತ್ತೇ ಹೊರಡಿ. ಬಾಯಿ ಬಿಟ್ಟು ಹೇಳಲು ನಾಚಿಕೆಯಾದರೆ ಒಂದು ಕಾಗದದ ಚೂರಿನಲ್ಲಿ ಬರೆದುಕೊಂಡು ಬನ್ನಿ. ಬರೆಯಲು ಬಾರದಿದ್ದರೆ ಮಗಳ ಕೈಯಲ್ಲಿ, ಆಶಾ ಅಕ್ಕನ ಕೈಯಲ್ಲಿ ಬರೆಸಿ. ಮುಖ ತೋರಿಸದೆ ಮೊದಲು ಕೇಳಿ ತಿಳಿಯಬೇಕೆಂದರೆ 104ಕ್ಕೆ ಫೋನ್ ಮಾಡಿ, ಅದು ಆರೋಗ್ಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಔಷಧಿ ಮುಗಿದು ಒಂದು ವಾರಕ್ಕೆ ಮತ್ತೊಮ್ಮೆ ತೋರಿಸಿ, ಕಡಿಮೆಯಾಗಿದ್ದರೂ ಸರಿಯೇ.